ಉದ್ದ ನಳಿಗೆಯಲ್ಲಿ ನಿಂತ ಗುಂಡು

ಮದ್ದುಗುಂಡಿನ ಕಾರ್ಖಾನೆಯ ತೋಟಾ ಪರೀಕ್ಷಿಸುವ ಕೋಣೆಯಲ್ಲಿ ಅವಳನ್ನು ಎಲ್ಲರೂ ಪುಕ್ಕಲಿ ಎಂದೇ ಕರೆಯುತ್ತಿದ್ದರು. ಕಿವಿಗೆ ಹತ್ತಿ ತುರುಕಿ, ಮೇಲೆ ದಪ್ಪ ಮುಚ್ಚಳ ಹಾಕಿಕೊಂಡರೂ ಪ್ರತಿ ಸದ್ದಿಗೂ ಬೆಚ್ಚಿಬೀಳುತ್ತಿದ್ದಳು. ಆದರೂ ಒಂದು ದಿನವೂ ಕೆಲಸ ತಪ್ಪಿಸಿದವಳಲ್ಲ.

ಗುಂಡು ಹಾರಿಸುವವನು ಎಲ್ಲರಿಗಿಂತ ಹಳಬ, ಎಲ್ಲರ ಬಾಯಲ್ಲೂ ದೊಡ್ಡಣ್ಣ. ಪಿಸ್ತೂಲಿಗೆಂದು ಮಾಡಿದ ತೋಟಾವನ್ನು ಮೊದಲು ಪಿಸ್ತೂಲಿನಿಂದ, ಆಮೇಲೆ ಅದೇ ತೋಟಾ ಹಿಡಿಸುವ ಉದ್ದ ನಳಿಗೆಯ ಬಂದೂಕಿನಿಂದ ಅವನು ಹಾರಿಸಬೇಕು. ಗುಂಡಿನ ವೇಗವನ್ನು ಯಂತ್ರದ ಪರದೆ ನೋಡಿ ಅವಳು ಹೇಳಬೇಕು. ಮದ್ದು ಹೆಚ್ಚಿರುವ ತೋಟಾಗಳ ಗುಂಡು ಉದ್ದ ನಳಿಗೆಯಲ್ಲಿ ಹುಚ್ಚು ಕುದುರೆಯಂತೆ ಓಡುತ್ತಿತ್ತು. ಮದ್ದು ಕಡಿಮೆ ಇರುವವುಗಳಲ್ಲಿ ಅದು ಅರ್ಧ ದಾರಿಗೇ ಉರಿದು ಮುಗಿದು, ಉಳಿದ ದಾರಿಯುದ್ದಕ್ಕೂ ಗುಂಡು ಉಕ್ಕಿಗೆ ಉಜ್ಜಿಕೊಂಡು ಸೊರಗುತ್ತಿತ್ತು.

ಒಂದು ಮಧ್ಯಾಹ್ನ ತೀರಾ ಕಡಿಮೆ ಮದ್ದಿನ ತೋಟಾಗಳ ಸರದಿ. ಪಿಸ್ತೂಲಿನಲ್ಲಿ ಏನೂ ತೊಂದರೆಯಾಗಲಿಲ್ಲ. ಬಂದೂಕಿನಲ್ಲೂ ಮೊದಲ ಕೆಲವು ಸಲೀಸಾಗಿ ಹಾರಿದವು. ಆಮೇಲೆ ಒಮ್ಮೆ ‘ಟುಸ್’ ಎಂದಷ್ಟೇ ಸದ್ದು. ಅವಳು ಬೆಚ್ಚಲಿಲ್ಲ, ಬೆಚ್ಚದೆ ಇದ್ದದ್ದೇ ಅವಳನ್ನು ಹೆದರಿಸಿತು. ಪರದೆ ಖಾಲಿ. ಗುರಿಯ ಹಾಳೆಯಲ್ಲಿ ಹೊಸ ತೂತಿಲ್ಲ. ದೊಡ್ಡಣ್ಣ ಆಗಲೇ ಮುಂದಿನ ತೋಟಾ ಏರಿಸಿ ಬಂದೂಕಿಗೆ ಕೆನ್ನೆ ಒರಗಿಸಿದ್ದ.

"ಅಣ್ಣಾ, ನಿಲ್ಸಿ!"

"ಮತ್ತೆ ಶುರುವಾಯ್ತಾ ನಿಂದು? ಯಂತ್ರಕ್ಕೆ ತೂಕಡಿಕೆ ಬಂದಿರ್ಬೇಕು, ಬಿಡು."

"ಗುಂಡು ಆಚೆ ಬಂದಿಲ್ಲ ಅಣ್ಣ! ನಿಮ್ಮ ದಮ್ಮಯ್ಯ, ಬೆರಳು ತೆಗೀರಿ!"

ಅವನ ಕೈ ಹಿಡಿದೆಳೆಯಲೂ ಭಯ. ಎಳೆದರೆ ಬೆರಳು ಅದುಮಿಬಿಡಬಹುದು. ನಿಂತಲ್ಲೇ ಮೇಜು ಗುದ್ದಿ ಗುದ್ದಿ ಅತ್ತಳು. ಆ ಗಲಾಟೆ ತಡೆಯಲಾರದೆ ಅವನು ಬಂದೂಕು ಇಳಿಸಿದ.

ತೋಟಾ ತೆಗೆದು, ನಳಿಗೆಯ ಬಾಯಿಂದ ಹಿತ್ತಾಳೆಯ ಕಡ್ಡಿ ಇಳಿಬಿಟ್ಟ. ಕಡ್ಡಿ ಅರ್ಧಕ್ಕೇ ಟಕ್ ಎಂದು ನಿಂತಿತು. ಹಿಂದಿನಿಂದ ಇನ್ನೊಂದು ಗುಂಡು ಬಂದು ಬಡಿದಿದ್ದರೆ ನಳಿಗೆ ಅವನ ಮುಖದ ಮುಂದೆಯೇ ಸೀಳಿಹೋಗುತ್ತಿತ್ತು. ಅವನು ಗೋಡೆ ಹಿಡಿದುಕೊಂಡು ನೆಲದ ಮೇಲೆ ಕುಳಿತ.



ಆಮೇಲೆ ಅವನಿಂದ ಬಂದೂಕು ಹಾರಿಸಲಾಗಲಿಲ್ಲ. ಎತ್ತುತ್ತಿದ್ದ, ಬೆವರುತ್ತಿದ್ದ, ಇಳಿಸುತ್ತಿದ್ದ. ಕೊನೆಗೆ ತೋಟಾಗಳನ್ನು ಡಬ್ಬಿಗೆ ತುಂಬುವ ಕೋಣೆಗೆ ಕೇಳಿಕೊಂಡು ಹೋದ. ಮೇಲ್ವಿಚಾರಕ ಬಂದೂಕನ್ನು ಪುಕ್ಕಲಿಯ ಮುಂದಿಟ್ಟ.

"ಎದೆಗಾರನೇ ಬಿಟ್ಟೋದ, ನಿನಗ್ಯಾಕೇ ಊರ ಉಸಾಬರಿ?" ಎಂದು ಮನೆಯಲ್ಲಿ ತಾಯಿ ಗದರಿದಳು.

"ನಾನಲ್ದಿದ್ರೆ ಇನ್ಯಾರೋ ಹಾರಿಸ್ಬೇಕಲ್ಲಮ್ಮ. ಅವರಿಗೆ ಹೆದರಿಕೆನೇ ಇಲ್ದಿದ್ರೆ?"

ಅವಳು ಒಪ್ಪಿಕೊಂಡಳು. ಒಂದೊಂದು ಗುಂಡಿಗೂ ಹಾಳೆಯಲ್ಲಿ ತೂತು ಕಾಣುವವರೆಗೆ ಮುಂದಿನದನ್ನು ಮುಟ್ಟುವುದಿಲ್ಲ. ಕೆಲಸ ಆಮೆಯಂತೆ ಸಾಗುತ್ತದೆಂದು ಉಳಿದವರು ಗೊಣಗುತ್ತಾರೆ. ಅವಳ ಬಾಯಿ ಇಂದಿಗೂ ಒಣಗುತ್ತದೆ. ಒಂದು ಗುಟುಕು ನೀರು ಕುಡಿದು ಬಂದೂಕು ಎತ್ತುತ್ತಾಳೆ.