ನೀರಿನೊಳಗಿನ ಹುಲ್ಲುಹಾಸು

ಸುಕಾರ್ತಿ ಅಜ್ಜಿಗೆ ತಲೆ ಕೆಟ್ಟಿದೆಯೆಂದು ಇಂಡೋನೇಷ್ಯಾದ ಬೋಗೋರ್ ಊರಿನ ಆ ಓಣಿಯವರು ಆಡಿಕೊಳ್ಳುತ್ತಿದ್ದರು. ಅವಳ ಗಾಜಿನ ಮೀನಿನ ತೊಟ್ಟಿಯಲ್ಲಿ ನೀರೇ ಇರಲಿಲ್ಲ, ಬರೀ ಒದ್ದೆ ಮಣ್ಣು, ಅದರಲ್ಲಿ ನೆಟ್ಟ ಪುಟ್ಟ ಪುಟ್ಟ ಸಸಿಗಳು!

“ಏನಜ್ಜಿ, ಮಣ್ಣು ಸಾಕ್ತಿದೀಯಾ?” ಎಂದು ಪಕ್ಕದ ಮನೆಯ ತರುಣ ವಿರ್ಯೊ ಕಾಡುತ್ತಿದ್ದ.

“ಮೊದಲು ಈ ನೀರುಹುಲ್ಲು ಬೇರು ಹಿಡೀಲಿ ಕಣೋ. ಹೋದ ಸಲ ಆತುರಪಟ್ಟು ನೀರು ಸುರಿದೆ, ಎಲ್ಲಾ ತೇಲಿಹೋಯ್ತು. ಬೇಗ ಬೆಳೀಲಿ ಅಂತ ಬೇರೆಯವರು ನೀರಿಗೆ ಕಾರ್ಬನ್ ಗ್ಯಾಸ್ ಬಿಡ್ತಾರೆ; ಅದಿಲ್ದೆ ಬೆಳೆಸೋಕೆ ತಾಳ್ಮೆ ಬೇಕು.”

ಅಜ್ಜಿ ಮನೆಯನ್ನು ವಿರ್ಯೊನಿಗೇ ಮಾರಿ ತಂಗಿಯ ಊರಿಗೆ ಹೊರಟಿದ್ದಳು. ಹೊರಡುವ ದಿನ, ಎರಡು ತಿಂಗಳು ಪನ್ನೀರಿನಂತೆ ಹನಿ ಚಿಮುಕಿಸಿ ಬೆಳೆಸಿದ ಹಸಿರಿನ ಮೇಲೆ, ಮಣ್ಣು ಕದಡದಂತೆ ತಟ್ಟೆಯಿಟ್ಟು, ಮೆಲ್ಲಗೆ ನೀರೆರೆದಳು. ಒಂದೆಲೆಯೂ ಮೇಲೇಳಲಿಲ್ಲ. ಬಿಸಿಲು ಬೀಳುತ್ತಿದ್ದಂತೆ ಎಲೆಯೆಲೆಯ ತುದಿಗೂ ಮುತ್ತಿನಂಥ ಗುಳ್ಳೆ ಮೂಡಿತು.

“ಅಬ್ಬಾ! ಉಸಿರಾಡ್ತಿದೆ ಅಜ್ಜಿ!” ವಿರ್ಯೊ ಪಿಸುಗುಟ್ಟಿದ.

“ಇನ್ನು ನಿಂದೇ, ನೋಡ್ಕೊ” ಎಂದಳು ಅಜ್ಜಿ. ಹೆಜ್ಜೆಯ ಸದ್ದಿಗೂ ಆ ನೀರು ಅಲುಗಬಾರದೆಂದು ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಹೊಸ್ತಿಲು ದಾಟಿದಳು.