ಅಪ್ಪನ ಎಲುಬು ಆರಿಸಿದ ದಿನ

ನಮ್ಮ ಚರ್ಚಿನಲ್ಲಿ ಭಾನುವಾರದ ಕನ್ನಡ ತರಗತಿಗೆ ಪಾಠ ಹೇಳುವವಳು ನಾನು. ಮಕ್ಕಳೆಲ್ಲ ಮೆಹದಿಪಟ್ಟಣಂನಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಜಗಳಕ್ಕೆ ಹಿಂದಿ. ಅವತ್ತಿನ ಪಾಠ ಪುರಾತನ ಯೆಹೂದ್ಯರ ಶವಸಂಸ್ಕಾರ. ಸತ್ತ ದಿನವೇ ಮೈ ತೊಳೆದು, ಸುಗಂಧ ತೈಲ ಹಚ್ಚಿ, ನಾರುಬಟ್ಟೆ ಸುತ್ತಿ, ಬಂಡೆಯಲ್ಲಿ ಕೊರೆದ ಗವಿಯೊಳಗೆ ಮಲಗಿಸುತ್ತಿದ್ದರು. ಕೆಲವು ಮನೆತನಗಳಲ್ಲಿ ವರ್ಷ ಕಳೆದ ಮೇಲೆ ಮಕ್ಕಳೇ ಹೋಗಿ ಎಲುಬು ಆರಿಸಿ ಕಲ್ಲಿನ ಪೆಟ್ಟಿಗೆಯಲ್ಲಿಟ್ಟು, ಆ ಜಾಗವನ್ನು ಮನೆಯಲ್ಲಿ ಮುಂದೆ ಸಾಯುವವರಿಗೆ ಬಿಡುತ್ತಿದ್ದರು. ಅಷ್ಟು ಹೇಳುವುದರೊಳಗೆ ಮಕ್ಕಳು ಛೀ ಎಂದು ಮೂಗು ಮುಚ್ಚಿಕೊಂಡರು.

ಮುಚ್ಚಿಕೊಳ್ಳದವಳು ಅವ್ವ ಒಬ್ಬಳೇ. ಹಿಂದಿನ ಬೆಂಚಿನಲ್ಲಿ ಕೂತು, ನನ್ನ ಜೊತೆ ಮನೆಗೆ ಹೋಗಲು ಕಾಯುವುದು ಅವಳ ರೂಢಿ.

"ಎಲುಬು ಆರಸೂ ಮುಂದ ಅಳತಿದ್ರೇನು?" ಎಂದು ಅಲ್ಲಿಂದಲೇ ಕೇಳಿದಳು.

"ಅವತ್ತು ಸಂಜಿತನಕ ಅಳತಿದ್ರಂತ, ಅವ್ವಾ. ಆಮ್ಯಾಲ ಸಾಕು ಅಂತಿದ್ರು. ಹಿರಿಯಾರ ಸಂಗಡ ಸೇರಿದ್ರಲ್ಲ ಅಂತ ಸಮಾಧಾನ."

"ಭಾಳ ಛಲೋ ಪದ್ಧತಿ. ನಾ ಸತ್ತಾಗ ನೀನೂ ನಿಮ್ಮಪ್ಪನ ಎಲುಬು ಆರಿಸಿ ನನಗ ಜಾಗಾ ಮಾಡು. ಬ್ಯಾರೆ ಎಲ್ಲೆರ ಒಯ್ದು ಒಗದೀರಿ, ಹುಷಾರ್!"

ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ಮೈ ಉರಿಯಿತು. ಪಾಠದ ನಡುವೆ ಇಂಥ ಮಾತೇ? ಆದರೆ ಅವ್ವ ಚ್ಯಾಷ್ಟಿಗೆ ಆಡಿದ ಮಾತಲ್ಲ ಅದು. ನಮ್ಮ ಸ್ಮಶಾನದಲ್ಲಿ ಹೊಸ ಜಾಗ ಮುಗಿದುಹೋಗಿದೆ. ಅಲ್ಲೇ ಹೂಳಬೇಕೆಂದರೆ ಮನೆಯವರದೇ ಹಳೆಯ ಸಮಾಧಿ ತೆರೆಯಬೇಕು, ಇಲ್ಲವಾದರೆ ಊರಾಚೆಯ ಹೊಸ ಸ್ಮಶಾನಕ್ಕೆ ಹೋಗಬೇಕು. ಅವ್ವ ಮದುವೆಯಾಗಿ ಗದಗಿನಿಂದ ಅಪ್ಪನ ಬೆನ್ನಿಗೇ ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದವಳು. ಅಪ್ಪ ಸಿಟಿ ಬಸ್ಸಿನಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ, ಅವನಿರುವ ತನಕ, ಬೈಯುತ್ತಲೇ ದಿನಾ ಆ ಕಾಲಿಗೆ ಎಳ್ಳೆಣ್ಣೆ ತಿಕ್ಕಿದಳು. ಅವನನ್ನು ಬಿಟ್ಟು ಬೇರೆ ಕಡೆ ಮಣ್ಣಾಗುವುದು ಅವಳಿಗೆ ಸುತಾರಾಂ ಬೇಡವಾಗಿತ್ತು.

ಹೋದ ಬೇಸಿಗೆಯಲ್ಲಿ, ಬೆಳಗಿನ ಚಹಾ ಕುಡಿದು ಮಲಗಿದ ಅವ್ವ ಮತ್ತೆ ಏಳಲಿಲ್ಲ. ಗಚ್ಚಿಬೌಲಿಯಿಂದ ತಮ್ಮ ಓಡಿ ಬಂದ. ಅತ್ತು ಕಣ್ಣೊರೆಸಿಕೊಂಡವನೇ ಹೊಸ ಸ್ಮಶಾನದ ಮಾತೆತ್ತಿದ.

"ಅಕ್ಕಾ, ಅಲ್ಲಿ ಭಾಳ ಚಂದ ಐತಿ. ಹುಲ್ಲು ಬೆಳಸ್ಯಾರ. ಪಾರ್ಕಿಂಗೂ ಐತಿ."

"ಯಾಕ, ಅವ್ವ ಕಾರ್ ತಗೊಂಡು ಹೊಂಟಾಳೇನು?"

"ಚ್ಯಾಷ್ಟಿ ಮಾಡಬ್ಯಾಡ. ಅಪ್ಪನ ಮ್ಯಾಲೆ ಸಲಿಕಿ ಹಾಕಸಾಕ ನಾ ಒಪ್ಪಂಗಿಲ್ಲ. ಮಲಗಿದಾವನ್ನ ಎಬ್ಬಿಸಿಧಂಗ ಆಕ್ಕೈತಿ."

ಅವನದೂ ಸಂಕಟವೇ, ಸುಳ್ಳಲ್ಲ. ಆದರೆ ಮಕ್ಕಳಿಬ್ಬರೂ ಒಪ್ಪದೆ ಸಮಾಧಿ ತೆರೆಯುವಂತಿಲ್ಲ ಎಂದು ಚರ್ಚಿನ ಹಿರಿಯರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಬಿಸಿಲು ಏರುತ್ತಿತ್ತು. ಐಸಿನ ಪೆಟ್ಟಿಗೆಯಲ್ಲಿ ಅವ್ವ ಮಲಗಿದ್ದಳು. ಜಗಳ ಬಿಟ್ಟು ಅವನ ಎರಡೂ ಕೈ ಹಿಡಿದು ಬೇಡಿಕೊಂಡೆ.

"ಏನರ ಮಾಡ್ಕೋ," ಎಂದ ಕೊನೆಗೆ. "ನಾ ಮಾತ್ರ ಹತ್ರ ಬರಂಗಿಲ್ಲ."

ಹೇಳಿದ ಹಾಗೆ ಸ್ಮಶಾನದ ಗೇಟಿನ ಬಳಿ ಬೇವಿನ ಗಿಡದ ಕೆಳಗೆ ಬೆನ್ನು ತಿರುಗಿಸಿ ನಿಂತುಬಿಟ್ಟ. ಇತ್ತ ಸಮಾಧಿ ಅಗೆಸಿ ನೋಡಿದರೆ ಅಪ್ಪನ ಶವಪೆಟ್ಟಿಗೆ ಎಂದೋ ಮಣ್ಣಾಗಿತ್ತು. ಅಗೆಯುವವನು ಎಲುಬುಗಳನ್ನು ಸಲಿಕೆಯಲ್ಲಿ ಎತ್ತಿ ಗೋಣಿಚೀಲಕ್ಕೆ ಹಾಕಲು ಹೋದ. "ಆಗಂಡಿ" ಎಂದು ತೆಲುಗಿನಲ್ಲಿ ಹೇಳಿ ಅವನನ್ನು ತಡೆದು, ಸೆರಗು ಸಿಕ್ಕಿಸಿಕೊಂಡು ನಾನೇ ಕುಣಿಗೆ ಇಳಿದೆ. ಅವ್ವನ ಬಿಳಿ ಸೀರೆಯೊಂದನ್ನು ಹಾಸಿ, ಕೈಯಿಂದ ಒಂದೊಂದೇ ಆರಿಸತೊಡಗಿದೆ. ಒಣಗಿದ ಬೇರಿನ ಹಾಗೆ ಹಗುರವಾಗಿದ್ದವು. ಪಾಠ ಹೇಳುವಾಗ ಎಷ್ಟು ಸಲೀಸಾಗಿ ಹೇಳಿದ್ದೆ! ಅಳು ಕೂಡ ಬರಲಿಲ್ಲ, ಯಾರದೋ ಎಲುಬು ಎನಿಸುತ್ತಿತ್ತು.

ಆಮೇಲೆ ಮಣ್ಣಿನಲ್ಲಿ ಬೆರಳಿಗೆ ತಣ್ಣಗೆ ಏನೋ ತಗುಲಿತು. ಕಾಲಿನ ಎಲುಬು, ಅದರ ಮೇಲೆ ಡಾಕ್ಟರು ಕೂರಿಸಿದ್ದ ಸ್ಟೀಲಿನ ಪಟ್ಟಿ. ಸ್ಕ್ರೂಗಳು ಕೂಡ ಹಾಗೇ ಇದ್ದವು.

"ಅಪ್ಪಾ!" ಎಂದು ಚೀರಿದೆ.

ತಮ್ಮ ಓಡಿ ಬಂದ. ನನ್ನ ಕೈಯಲ್ಲಿದ್ದದ್ದನ್ನು ನೋಡಿದವನು ಬೂಟುಗಾಲಿನಲ್ಲೇ ಕುಣಿಗೆ ಇಳಿದ.

"ಇದಕ್ಕ ಅಲ್ಲೇನು ಅವ್ವ ಎಣ್ಣಿ ತಿಕ್ಕತಿದ್ದದ್ದು?" ಎಂದು ಅದನ್ನು ಇಸಿದುಕೊಂಡು, ಅಂಗಿಯ ಚುಂಗಿನಿಂದ ಮಣ್ಣು ಒರೆಸಿದ. ಒರೆಸುತ್ತ ಗೊಳೋ ಎಂದು ಅತ್ತ. ಉಳಿದದ್ದನ್ನು ಇಬ್ಬರೂ ಸೇರಿ ಆರಿಸಿದೆವು.

ಅವ್ವನ ಪೆಟ್ಟಿಗೆಗೆ ಮುಚ್ಚಳ ಹಾಕುವ ಮೊದಲು, ಅಗೆಯುವವನು ಆ ಸೀರೆಯ ಗಂಟನ್ನು ರೂಢಿಯಂತೆ ಅವಳ ಕಾಲ ಬಳಿ ಇಡಲು ಹೋದ.

"ಅಲ್ಲಿ ಬ್ಯಾಡ್ರಿ!" ತಮ್ಮ ಕನ್ನಡದಲ್ಲೇ ಕೂಗಿದ. "ಕೈಗೆ ಹತ್ರ ಇಡ್ರಿ. ಆಕೀಗೆ ಕಾಲು ತಿಕ್ಕಾಕ ಸಿಗಬೇಕು."

ಅಗೆಯುವವನಿಗೆ ಕನ್ನಡ ಅರ್ಥವಾಗಲಿಲ್ಲ. ನಾನು ತೆಲುಗಿನಲ್ಲಿ ಹೇಳುವಷ್ಟರಲ್ಲಿ ತಮ್ಮನೇ ಗಂಟು ಎತ್ತಿ ಅವ್ವನ ಬಲಗೈ ಪಕ್ಕದಲ್ಲಿ ಇಟ್ಟ.