ತಮ್ಮನ ಮಾತು ಜೋಡಿಸಿದ ಕತ್ತರಿಯಕ್ಕ

ಸರಕಿನ ಲೆಕ್ಕದಲ್ಲಿ ನೋಡಿದರೆ ಕತ್ತರಿಯಕ್ಕ ಮೊದಲ ನೋಟಕ್ಕೇ ಗಿರಾಕಿಯನ್ನು ಹಿಡಿಯುವ ಮಾಲಲ್ಲ. ಕುಳ್ಳಗಿನ ಆಳು, ಕೊರಳಲ್ಲಿ ಸದಾ ಹೆಡ್‌ಫೋನು, ನಾಲಗೆ ಉಪ್ಪುಕಾಗದದಷ್ಟು ಒರಟು. ಬಾಳಿಕೆ ಮಾತ್ರ ಗಟ್ಟಿ. ನಮ್ಮ ಬೀಗದಂಗಡಿಯ ಮೇಲಿನ ಕೋಣೆಯಲ್ಲಿ, ಕಿಟಕಿಗೆ ಕಂಬಳಿ ಹೊದಿಸಿ, ಊರವರ ವಿಡಿಯೊಗಳನ್ನು ಕತ್ತರಿಸಿ ಜೋಡಿಸುವುದು ಆಕೆಯ ಕಸುಬು.

ನನ್ನ ತಮ್ಮ ಬೀಗದ ಹೊಟ್ಟೆಯೊಳಗಿನದೆಲ್ಲ ಬಲ್ಲವನು, ಆದರೆ ಉಗ್ಗು. ಗಿರಾಕಿ ಬಂದರೆ ಗೋದಾಮಿಗೆ ಸರಿಯುತ್ತಿದ್ದ. ಬೀಗ ರಿಪೇರಿಯ ವಿಡಿಯೊ ಮಾಡಿದರೆ ವ್ಯಾಪಾರವೂ ಆದೀತು, ಅವನೂ ಹೊರಗೆ ಬಂದಾನು ಎಂದು ದುಂಬಾಲು ಬಿದ್ದು ಕ್ಯಾಮೆರಾ ಮುಂದೆ ಕೂರಿಸಿದೆ.

"ಉಗ್ಗೆಲ್ಲ ತೆಗೆದುಬಿಡು ತಾಯಿ," ಎಂದೆ ಕತ್ತರಿಯಕ್ಕನಿಗೆ. ತೆಗೆದಳು. ಪರದೆಯ ಮೇಲೆ ನೀರು ಕುಡಿದಂತೆ ಮಾತಾಡಿದ ತಮ್ಮ. ಕತ್ತರಿ ಬಿದ್ದಲ್ಲೆಲ್ಲ ತಲೆ ಮಾತ್ರ ಕೋಳಿಯ ಹಾಗೆ ಕುಪ್ಪಳಿಸುತ್ತಿತ್ತು.

ತಮ್ಮ ಕೊನೆಯವರೆಗೂ ನೋಡಿದ. "ಚೆ... ಚೆನ್ನಾಗಿದಾನೆ. ಇ... ಇವನನ್ನೇ ಕೆಲಸಕ್ಕಿಟ್ಕೊ," ಎಂದು ಗೋದಾಮು ಸೇರಿದ. ಊಟಕ್ಕೆ ಕರೆದರೂ ಬರಲಿಲ್ಲ.

ಕತ್ತರಿಯಕ್ಕ ನನ್ನನ್ನು ಮೇಲಕ್ಕೆ ಕರೆಸಿದಳು. "ಸಾಹುಕಾರ್ರೇ, ಸ್ಯಾಂಪಲ್ ಒಂದು, ಸರಕು ಇನ್ನೊಂದು ಆದ್ರೆ ಗಿರಾಕಿ ಸುಮ್ನಿರ್ತಾನಾ?"

"ಮತ್ತೇನು, ಉಗ್ಗನ್ನೇ ತೋರಿಸ್ತೀಯಾ?"

"ಮೊದ್ಲು ಇದನ್ನ ಕೇಳಿ."

ಕತ್ತರಿಸದ ವಿಡಿಯೊ ಓಡಿಸಿದಳು. ತಮ್ಮ ತಡವರಿಸಿದಾಗಲೆಲ್ಲ ಕ್ಯಾಮೆರಾ ಹಿಂದಿನಿಂದ ಒಂದು ಗಂಟಲು ಪದ ಎಸೆಯುತ್ತಿತ್ತು: "ಸ್ಪ್ರಿಂಗು!" "ಎಣ್ಣೆ!" ಗಂಟಲು ನನ್ನದು. ಪ್ರತಿ ಎಸೆತಕ್ಕೂ ಅವನು ಇನ್ನಷ್ಟು ಸಿಕ್ಕಿಕೊಳ್ಳುತ್ತಿದ್ದ.

"ಕತ್ತರಿಸಬೇಕಾದ್ದು ಸಿಕ್ತಲ್ಲ," ಎಂದಳು.

ನನ್ನ ದನಿಯನ್ನು ಕಿತ್ತಳು. ಆ ತೂತುಗಳಿಗೆ, ಯಾರೂ ಮಾತಾಡದಾಗ ಹಿಡಿದಿಟ್ಟಿದ್ದ ಅಂಗಡಿಯ ಫ್ಯಾನಿನ ಸದ್ದು ತುಂಬಿದಳು. ಬರೀ ಮೌನ ಇಟ್ಟರೆ ಕಿವಿ ಮುಗ್ಗರಿಸುತ್ತದಂತೆ. ಪದಕ್ಕಾಗಿ ತಮ್ಮ ಕಾಯುವ ಕಡೆ ಮುಖದ ಬದಲು ಬೀಗ ಬಿಚ್ಚುವ ಬೆರಳುಗಳನ್ನು ತೋರಿಸಿದಳು. ಉಗ್ಗು ಇದ್ದಲ್ಲೇ ಇತ್ತು. ಕೈ ನೋಡುತ್ತ ಕೂತವನಿಗೆ ಕಾಯುವುದು ಭಾರವಾಗಲಿಲ್ಲ, ಅಷ್ಟೆ.

ತಮ್ಮನನ್ನು ಎಳೆತಂದು ತೋರಿಸಿದೆವು. "ಇ... ಇದು ನಾನು," ಎಂದ. ಆಮೇಲೆ, "ಅ... ಅಣ್ಣ ಎಲ್ಲಿ?"

"ಕಸದ ಬುಟ್ಟೀಲಿ," ಎಂದಳು ಕತ್ತರಿಯಕ್ಕ.

ಅವನು ಬಿದ್ದು ಬಿದ್ದು ನಕ್ಕ.

ವಿಡಿಯೊ ನೋಡಿ ಅಂಗಡಿಗೆ ಬಂದವರು ಅವನೇ ಬೇಕೆಂದರು. ಕೌಂಟರಿಗೆ ಬಂದ, ನಿಂತ, ಈಗಲೂ ನಿಲ್ಲುತ್ತಾನೆ. ಪದ ಬರುವವರೆಗೆ ಗಿರಾಕಿ ಕಾಯುತ್ತಾನೆ. ನಾನೂ ಹಲ್ಲು ಕಚ್ಚಿ ಕಾಯುತ್ತೇನೆ. ನನ್ನ ತಮ್ಮ ಗೋದಾಮಿನಿಂದ ಹೊರಗೆ ಬಂದದ್ದು ಕತ್ತರಿಯಕ್ಕನಿಂದ. ಆ ಋಣ ನನ್ನ ಮೇಲಿದೆ.